ಚೀಲಕ್ಕೆ ಕಟ್ಟಿದ ನೀಲಿ ಚೀಟಿ: ಎಂಜಿನಿಯರಿಂಗ್ ಪದವಿಯ ಮುದ್ರೆ ಏನು ಹೇಳುತ್ತೆ, ಏನು ಹೇಳೋದಿಲ್ಲ

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ನನ್ನ ಹಣ್ಣಿನ ಬಾಕಿ ಬರಬೇಕಿತ್ತು. ಹೋದೆ. ಮಂಡಿಯ ಶೆಟ್ಟರು ದುಡ್ಡು ಎಣಿಸಿ ಕೊಟ್ಟರು. ಆಮೇಲೆ ಗಲ್ಲಾಪೆಟ್ಟಿಗೆ ಪಕ್ಕದಿಂದ ಮೂರು ಬಣ್ಣದ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಮೂರೂ ಎಂಜಿನಿಯರಿಂಗ್ ಕಾಲೇಜಿನವು. ಒಂದು ಅನಂತಪುರದ ಕಡೆಯದು, ಒಂದು ತುಮಕೂರಿನ ಕಡೆಯದು, ಇನ್ನೊಂದು ಬೆಂಗಳೂರಿನದು.

"ಕವಿಗಳೇ, ಮೊಮ್ಮಗನಿಗೆ ಸೀಟು ನೋಡ್ತಿದೀವಿ. ಮೂರರ ಮೇಲೂ ಅಕ್ರೆಡಿಟೆಡ್ ಅಂತ ಅಚ್ಚಾಗಿದೆ. ಅನ್ನೀ ಒಕಟೇ ಕದಾ? ಎಲ್ಲಾ ಒಂದೇ ಅನ್ನೋದಾದ್ರೆ ಹತ್ತಿರದ್ದಕ್ಕೇ ಹಾಕಿಬಿಡ್ತೀನಿ" ಅಂದರು.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿ, ಅದೂ ಪಾವಗಡದಲ್ಲಿ ನೆಂಟರ ಮನೆಯಲ್ಲಿದ್ದು. ಮಡಕಶಿರಾ ಹತ್ತಿರ ಏಳೆಕರೆ ಹೊಲ ಇದೆ. ಕಡ್ಲೆಕಾಯಿ, ರಾಗಿ, ಬದುವಿನ ಮೇಲೆ ಹುಣಸೆಮರ. ಎರಡು ಭಾಷೆಯಲ್ಲಿ ಪದ್ಯ ಬರೀತೀನಿ ಅನ್ನೋ ಒಂದೇ ಕಾರಣಕ್ಕೆ ಜನ ನನ್ನ ಹತ್ತಿರ ಎಲ್ಲಾ ಕಾಗದವನ್ನೂ ತರ್ತಾರೆ. ಈ ವಿಷಯದಲ್ಲಿ ಮಾತ್ರ ನನಗೆ ಸ್ವಂತ ಅನುಭವ ಇದೆ. ಮಗನನ್ನು ಆಂಧ್ರದ ಕಡೆ ಬಿ.ಟೆಕ್. ಓದಿಸಿದೆ. ತಮ್ಮನ ಮಗಳನ್ನು ಕರ್ನಾಟಕದ ಕಡೆ ಬಿ.ಇ. ಓದಿಸಿದೆವು. ಒಂದೇ ಜಗಲಿಯ ಮೇಲೆ ಎರಡು ರಾಜ್ಯದ ಪದವಿ. ಹೆಸರು ಬೇರೆ ಆದರೂ ಎರಡೂ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಯೇ. ಅವತ್ತು ಶೆಟ್ಟರಿಗೆ ಹೇಳಿದ್ದನ್ನೇ ಗಡಿಯ ಉಳಿದ ರೈತರಿಗೂ ವರ್ತಕರಿಗೂ ಹೇಳೋಣ ಅಂತ ಈ ಬರಹ.

ಮೂರು ಕಾಗದ, ಮೂರು ಅರ್ಥ

ಕಾಲೇಜಿನವರ ಪುಸ್ತಕದಲ್ಲಿ ಮೂರು ಬೇರೆ ಬೇರೆ ಮಾತನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿರುತ್ತಾರೆ. ನಾವು ಮೂರನ್ನೂ ಸರ್ಕಾರದ ಮಾನ್ಯತೆ ಅಂತ ಓದಿಕೊಂಡು ಸುಮ್ಮನಾಗುತ್ತೇವೆ. ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಎಐಸಿಟಿಇ ಒಪ್ಪಿಗೆ. ಈ ಸಂಸ್ಥೆ ೧೯೪೫ರಲ್ಲಿ ಸಲಹೆ ಕೊಡುವ ಮಂಡಳಿಯಾಗಿ ಶುರುವಾಯಿತು, ೧೯೮೭ರ ಕಾಯಿದೆಯಿಂದ ಅಧಿಕಾರ ಪಡೆಯಿತು. ಅದರ ಒಪ್ಪಿಗೆ ಅಂದರೆ ಅಂಗಡಿ ತೆಗೆಯೋಕೆ ಲೈಸೆನ್ಸು. ಇಷ್ಟು ಕಟ್ಟಡ, ಇಷ್ಟು ಸೀಟು, ಇಷ್ಟು ಮೇಷ್ಟ್ರು ಇರಬೇಕು ಅನ್ನುತ್ತೆ. ೨೦೧೮ರಲ್ಲಿ ಈ ಲೆಕ್ಕವನ್ನು ಹದಿನೈದು ಹುಡುಗರಿಗೆ ಒಬ್ಬ ಮೇಷ್ಟ್ರು ಇದ್ದದ್ದರಿಂದ ಇಪ್ಪತ್ತಕ್ಕೆ ಒಬ್ಬರಿಗೆ ಸಡಿಲ ಮಾಡಿದರು.

ಎರಡನೆಯದು ವಿಶ್ವವಿದ್ಯಾಲಯದ ಸಂಯೋಜನೆ. ನಮ್ಮ ಆಂಧ್ರದ ಕಡೆ ಅನಂತಪುರದ ಜೆಎನ್‌ಟಿಯು, ಆಚೆ ಬೆಳಗಾವಿಯ ವಿಟಿಯು. ಜೆಎನ್‌ಟಿಯು ೧೯೭೨ರದು, ೨೦೦೮ರಲ್ಲಿ ಪಾಲಾಗಿ ಅನಂತಪುರಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂತು. ವಿಟಿಯು ಹುಟ್ಟಿದ್ದು ೧೯೯೮ರಲ್ಲಿ. ಅದಕ್ಕೆ ಮುಂಚೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು, ಮೈಸೂರು, ಗುಲ್ಬರ್ಗಾ ಅಂತ ಆಯಾ ಸೀಮೆಯ ವಿಶ್ವವಿದ್ಯಾಲಯದ ಕೈಕೆಳಗಿದ್ದವು. ಸೀಮೆಗೊಂದು ಪಠ್ಯ, ಸೀಮೆಗೊಂದು ಪ್ರಶ್ನೆಪತ್ರಿಕೆ. ವಿಟಿಯು ಬಂದ ಮೇಲೆ ಅದರ ಕೆಳಗಿನ ಕಾಲೇಜುಗಳಿಗೆಲ್ಲ ಒಂದೇ ಪತ್ರಿಕೆ ಆಯಿತು. ಇದೂ ಪದವಿಯನ್ನು ಸಮ ಮಾಡುವ ಒಂದು ದಾರಿಯೇ.

ಮೂರನೆಯದು ಅಕ್ರೆಡಿಟೇಶನ್. ಇದರಲ್ಲೂ ಎರಡು ಬಗೆ. ನ್ಯಾಕ್ ಅನ್ನೋದು ಇಡೀ ಕಾಲೇಜಿಗೆ ಒಂದು ದರ್ಜೆ ಕೊಡುತ್ತೆ, ಅದರ ಕಚೇರಿ ಬೆಂಗಳೂರಿನಲ್ಲೇ ಇದೆ. ಎನ್‌ಬಿಎ ಅನ್ನೋದು ಒಂದೊಂದು ಬ್ರಾಂಚಿಗೆ ಬೇರೆ ಬೇರೆ ಮುದ್ರೆ ಹಾಕುತ್ತೆ. ಎರಡೂ ಹುಟ್ಟಿದ್ದು ೧೯೯೪ರಲ್ಲಿ. ಎನ್‌ಬಿಎ ಮೊದಲು ಎಐಸಿಟಿಇಯ ಒಳಗೇ ಇತ್ತು, ೨೦೧೦ರಿಂದ ಬೇರೆ ಸಂಸ್ಥೆಯಾಗಿ ನಿಂತಿದೆ. ಎಂಜಿನಿಯರಿಂಗ್ ಓದುವವರು ಮುಖ್ಯವಾಗಿ ನೋಡಬೇಕಾದ್ದು ಈ ಎನ್‌ಬಿಎ ಮುದ್ರೆ.

ಇಲ್ಲೇ ಒಂದು ಮೋಸ ಹೋಗುವ ಜಾಗ ಇದೆ. ಮುದ್ರೆ ಬ್ರಾಂಚಿಗೆ, ಕಾಲೇಜಿಗಲ್ಲ. ಮೆಕ್ಯಾನಿಕಲ್ಲಿಗೆ ಮುದ್ರೆ ಇದ್ದು ಕಂಪ್ಯೂಟರಿಗೆ ಇಲ್ಲದಿರಬಹುದು. ಗೇಟಿನ ಮೇಲೆ ಮಾತ್ರ ಎನ್‌ಬಿಎ ಅಂತ ದೊಡ್ಡ ಅಕ್ಷರ. ಇನ್ನೊಂದು ಸಂಗತಿ, ಒಂದು ಬ್ರಾಂಚಿಗೆ ಅರ್ಜಿ ಹಾಕಬೇಕಾದರೆ ಕಡೇ ಪಕ್ಷ ಎರಡು ತಂಡ ಓದಿ ಹೊರಗೆ ಬಂದಿರಬೇಕು. ನಾಲ್ಕು ವರ್ಷದ ಕೋರ್ಸು, ಎರಡು ತಂಡ. ಅಂದಮೇಲೆ ಮೊನ್ನೆ ಮೊನ್ನೆ ತೆಗೆದ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಬ್ರಾಂಚುಗಳಿಗೆ ಮುದ್ರೆ ಇರೋಕೆ ಸಾಧ್ಯವೇ ಇಲ್ಲ. ಶೆಟ್ಟರ ಮೊಮ್ಮಗ ಕೇಳ್ತಿದ್ದದ್ದು ಅಂಥ ಹೊಸ ಬ್ರಾಂಚನ್ನೇ.

ಚೀಟಿ ಹೇಳುವ ಮಾತು

ರೈತರಿಗೆ ಇದನ್ನು ತಿಳಿಸೋದು ಸುಲಭ. ಕದಿರಿ ತಳಿಯ ಕಡ್ಲೆಕಾಯಿ ಬೀಜದ ಚೀಲ ತರ್ತೀವಲ್ಲ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಕಟ್ಟಿರುತ್ತೆ. ಆ ಚೀಟಿಯ ಅರ್ಥ ಏನು? ನೂರು ಬೀಜದಲ್ಲಿ ಕಡಿಮೆ ಅಂದರೂ ಎಪ್ಪತ್ತು ಮೊಳೆಯುತ್ತೆ, ಬೆರಕೆ ಮಿತಿ ಮೀರಿಲ್ಲ, ಅಷ್ಟೆ. ಎಕರೆಗೆ ಎಷ್ಟು ಮೂಟೆ ಬರುತ್ತೆ ಅಂತ ಚೀಟಿ ಹೇಳೋದಿಲ್ಲ. ಮಳೆ, ಮಣ್ಣು, ಕಳೆ ಕಿತ್ತ ಕೈ, ಅದೆಲ್ಲ ಬೇರೆ.

ಎನ್‌ಬಿಎ ಮುದ್ರೆಯೂ ಹಾಗೇ. ಅದು ನೆಲಮಟ್ಟವನ್ನು ಹೇಳುತ್ತೆ, ಬೆಳೆಯ ಎತ್ತರವನ್ನಲ್ಲ. ಇದಕ್ಕಿಂತ ಕೆಳಗೆ ಇಳಿದಿಲ್ಲ ಅಂತ ಒಂದು ಗೆರೆ ಎಳೆಯುತ್ತೆ. ಮೇಷ್ಟ್ರುಗಳು ಎಷ್ಟು ಜನ, ಎಷ್ಟು ವರ್ಷದಿಂದ ನಿಂತಿದ್ದಾರೆ, ಪ್ರಯೋಗಾಲಯ ನಡೆಯುತ್ತಿದೆಯೇ, ಹುಡುಗರು ಹೊತ್ತಿಗೆ ಸರಿಯಾಗಿ ಪಾಸಾಗುತ್ತಿದ್ದಾರೆಯೇ, ಕೆಲಸ ಸಿಕ್ಕಿತೇ ಅಂತ ಒಂದೊಂದಕ್ಕೂ ಅಂಕ ಹಾಕುತ್ತೆ. ಎಲ್ಲಕ್ಕಿಂತ ಮುಖ್ಯ, ಓದಿದವನು ಕೊನೆಗೆ ಏನು ಮಾಡಬಲ್ಲ ಅಂತ ಕೇಳುತ್ತೆ. ಈ ಕೊನೆಯ ಪ್ರಶ್ನೆ ನನ್ನ ಎದೆಗೇ ಒಂದು ಸಲ ಬಂದು ತಗುಲಿತು.

ತಪಾಸಣೆಯ ದಿನ

ಮಗ ೨೦೧೨ರಲ್ಲಿ ಎಲೆಕ್ಟ್ರಿಕಲ್ ಸೇರಿದ. ಕಾಲೇಜಿನ ಹೆಸರು ಬೇಡ. ಮೂರನೇ ವರ್ಷದಲ್ಲಿ ಎನ್‌ಬಿಎ ತಂಡ ಬರುತ್ತೆ ಅಂತ ಕಾಲೇಜಿನಿಂದ ಫೋನು ಬಂತು. ತಂಡ ತಂದೆತಾಯಿಯರನ್ನೂ ಮಾತಾಡಿಸುತ್ತೆ, ನೀವು ಬರಬೇಕು ಅಂದರು. ಹೋದೆವು, ಹತ್ತು ಹನ್ನೆರಡು ಜನ. ಒಬ್ಬ ಮೇಷ್ಟ್ರು ನಮ್ಮನ್ನು ಮೊದಲೇ ಕೂರಿಸಿ ಪಾಠ ಹೇಳಿದರು. ಲೈಬ್ರರಿ ರಾತ್ರಿ ಎಂಟರವರೆಗೆ ತೆಗೆದಿರುತ್ತೆ ಅನ್ನಿ, ಹುಡುಗ ಕ್ಲಾಸಿಗೆ ಬರದಿದ್ದರೆ ನಮಗೆ ಫೋನು ಬರುತ್ತೆ ಅನ್ನಿ, ಹಾಸ್ಟೆಲ್ ಊಟ ಚೆನ್ನಾಗಿದೆ ಅನ್ನಿ. ಅವತ್ತು ಕಾಲೇಜಿಗೆ ಸುಣ್ಣ ಹೊಡೆದಿತ್ತು. ಮಗ ಆಮೇಲೆ ಹೇಳಿದ, ಲ್ಯಾಬಿನಲ್ಲಿ ಯಾವತ್ತೂ ಓಡದ ಯಂತ್ರ ಅವತ್ತು ಓಡ್ತಿತ್ತಂತೆ.

ತಂಡದಲ್ಲಿ ಬಂದಿದ್ದ ಒಬ್ಬ ಹಿರಿಯರು ನನ್ನ ತೆಲುಗಿನ ವರಸೆ ಕೇಳಿ, "ಮನೆಮಾತು ಕನ್ನಡವೇ?" ಅಂದರು. ಹೌದು ಸ್ವಾಮಿ ಅಂದೆ. ಕನ್ನಡದಲ್ಲೇ ಕೇಳಿದರು: "ಯಜಮಾನ್ರೇ, ಲೈಬ್ರರಿ ವಿಷಯ ಬಿಡಿ. ನಿಮ್ಮ ಮಗ ಎಲೆಕ್ಟ್ರಿಕಲ್ ಮೂರನೇ ವರ್ಷ. ನಿಮ್ಮ ಹೊಲದ ಮೋಟ್ರು ಸ್ಟಾರ್ಟರ್ ಕೆಟ್ಟರೆ, ಯಾಕೆ ಕೆಟ್ಟಿದೆ ಅಂತ ನೋಡಿ ಹೇಳಬಲ್ಲನಾ?"

ಈ ಪ್ರಶ್ನೆಗೆ ನಮಗೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ. ನಿಜ ಏನಂದರೆ, ಹಿಂದಿನ ತಿಂಗಳಷ್ಟೇ ನಮ್ಮ ಬೋರಿನ ಸ್ಟಾರ್ಟರ್ ಸುಟ್ಟಿತ್ತು. ಮಗ ಮನೆಯಲ್ಲೇ ಇದ್ದ. "ಅಪ್ಪ, ಅದು ನಮ್ಮ ಸಿಲಬಸ್‌ನಲ್ಲಿಲ್ಲ" ಅಂದ. ಪೇಟೆಯಿಂದ ಏಳನೇ ಕ್ಲಾಸು ಓದಿದ ವೈಂಡಿಂಗ್ ಹುಡುಗನನ್ನು ಕರೆಸಿ ರಿಪೇರಿ ಮಾಡಿಸಿದೆವು. ಅದನ್ನು ಹೇಳಬೇಕಿತ್ತು. ಎರಡನೇ ವರ್ಷದ ಗಣಿತಕ್ಕೆ ಆ ವರ್ಷ ಮೂರು ಜನ ಮೇಷ್ಟ್ರು ಬದಲಾದರು, ಮಗ ಆ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದಾನೆ ಅಂತಲೂ ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟೇ: "ಚೆನ್ನಾಗಿ ಓದ್ತಾನೆ ಸ್ವಾಮಿ." ಅವರು ನಕ್ಕು ಏನೋ ಬರೆದುಕೊಂಡರು.

ಆ ಬ್ರಾಂಚಿಗೆ ಮುದ್ರೆ ಸಿಕ್ಕಿತು. ಮಗ ಡಿಗ್ರಿ ಮುಗಿಸಿದ್ದು ಒಂದು ವರ್ಷ ತಡವಾಗಿ. ತಪ್ಪೆಲ್ಲ ಕಾಲೇಜಿನದು ಅಂತ ನಾನು ಹೇಳೋದಿಲ್ಲ. ತಪಾಸಣೆಗೆ ಬಂದವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಸುಳ್ಳು ಹೇಳಿದವನು ನಾನು.

ಪ್ರಶ್ನೆಪತ್ರಿಕೆ ಯಾರ ಕೈಯಲ್ಲಿ?

ತಮ್ಮನ ಮಗಳು ೨೦೧೯ರಲ್ಲಿ ಕರ್ನಾಟಕದ ಕಡೆ ಒಂದು ಸ್ವಾಯತ್ತ ಕಾಲೇಜು ಸೇರಿದಳು. ಅವಳದೂ ಎಲೆಕ್ಟ್ರಿಕಲ್ಲೇ. ಒಂದು ದಿನ ಅಣ್ಣ ತಂಗಿ ಇಬ್ಬರೂ ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿದ್ದರು. ವಿಷಯ ಟ್ರಾನ್ಸ್‌ಫಾರ್ಮರ್. ಮಗನ ಪತ್ರಿಕೆಯಲ್ಲಿ, ಟ್ರಾನ್ಸ್‌ಫಾರ್ಮರಿನ ರಚನೆ ಮತ್ತು ಕೆಲಸ ಮಾಡುವ ಬಗೆಯನ್ನು ಚಿತ್ರದೊಂದಿಗೆ ವಿವರಿಸಿ ಅಂತ ಇತ್ತು. ಹುಡುಗಿಯ ಪತ್ರಿಕೆಯಲ್ಲಿ, ಇಷ್ಟು ಕಬ್ಬಿಣದ ನಷ್ಟ, ಇಷ್ಟು ತಾಮ್ರದ ನಷ್ಟ ಇರುವ ಟ್ರಾನ್ಸ್‌ಫಾರ್ಮರು ಯಾವ ಲೋಡಿನಲ್ಲಿ ಅತಿ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಲೆಕ್ಕ ಇತ್ತು. "ದೊಡ್ಡಪ್ಪ, ಎರಡು ನಷ್ಟವೂ ಸಮ ಆದಾಗ ಅದರ ಕೆಲಸ ಹೆಚ್ಚು. ನಮ್ಮೂರ ಟಿಸಿ ರಾತ್ರಿ ಹೊತ್ತು ಖಾಲಿ ಇದ್ದರೂ ಯಾಕೆ ಬಿಸಿ ಇರುತ್ತೆ ಗೊತ್ತಾ? ಲೋಡು ಇಲ್ಲದಿದ್ದರೂ ಕಬ್ಬಿಣದ ನಷ್ಟ ಇದ್ದೇ ಇರುತ್ತೆ" ಅಂದಳು. ಅವಳ ಪತ್ರಿಕೆಯ ಅಂಚಿನಲ್ಲಿ ಪ್ರತಿ ಪ್ರಶ್ನೆಗೂ ಒಂದು ಮಟ್ಟದ ಗುರುತು. ನೆನಪಿನದು ಒಂದು, ಅರ್ಥ ಮಾಡಿಕೊಂಡದ್ದು ಎರಡು, ಬಳಸಿ ಮಾಡುವುದು ಮೂರು, ಬಿಡಿಸಿ ನೋಡುವುದು ನಾಲ್ಕು, ಹೀಗೆ. ೨೦೧೮ರಲ್ಲಿ ಎಐಸಿಟಿಇ ಪರೀಕ್ಷಾ ಸುಧಾರಣೆಯ ನೀತಿ ಹೊರಡಿಸಿದ ಮೇಲೆ ಈ ಗುರುತು ಎರಡೂ ರಾಜ್ಯದಲ್ಲಿ ಹರಡಿತು. ತಪಾಸಣೆಗೆ ಬಂದವರು ಹಳೇ ಪತ್ರಿಕೆ ತೆಗೆಸಿ, ಬರೀ ನೆನಪಿನ ಪ್ರಶ್ನೆಗಳೇ ತುಂಬಿದ್ದಾವಾ ಅಂತ ನೋಡುತ್ತಾರೆ.

ಹಾಗಂತ ಸ್ವಾಯತ್ತ ಕಾಲೇಜೆಲ್ಲ ಕಷ್ಟ, ವಿಶ್ವವಿದ್ಯಾಲಯದ ಪತ್ರಿಕೆ ಎಲ್ಲ ಸುಲಭ ಅಂತ ತಿಳಿಯಬೇಡಿ. ಸಂಯೋಜಿತ ಕಾಲೇಜಿನಲ್ಲಿ ಪತ್ರಿಕೆ ಹೊರಗಿನಿಂದ ಬರುತ್ತೆ, ತಿದ್ದೋರೂ ಹೊರಗಿನವರೇ. ಆದ್ದರಿಂದ ಒಂದೇ ವಿಶ್ವವಿದ್ಯಾಲಯದಲ್ಲಿ ಅನಂತಪುರದ ಎಪ್ಪತ್ತೂ ಚಿತ್ತೂರಿನ ಎಪ್ಪತ್ತೂ ಸರಿಸುಮಾರು ಒಂದೇ ತೂಕ. ಆದರೆ ಒಳ್ಳೆ ಮೇಷ್ಟ್ರು ಇರೋ ಕಾಲೇಜಿಗೂ ಇಲ್ಲದ ಕಾಲೇಜಿಗೂ ಅದೇ ಪತ್ರಿಕೆ. ವರ್ಷ ವರ್ಷ ತಿರುಗಿ ಬರುವ ಪ್ರಶ್ನೆಗಳನ್ನು ಉರು ಹೊಡೆದು ದಾಟಿಬಿಡಬಹುದು. ಸ್ವಾಯತ್ತ ಕಾಲೇಜಿನಲ್ಲಿ ಪಾಠ ಹೇಳುವವರ ಕೈಯಲ್ಲೇ ಪಠ್ಯ, ಪತ್ರಿಕೆ ಎಲ್ಲ. ಮನಸ್ಸಿದ್ದರೆ ಹೊಸದು ಕಲಿಸಬಹುದು, ಗಟ್ಟಿ ಪತ್ರಿಕೆ ತೆಗೆಯಬಹುದು. ಮನಸ್ಸಿಲ್ಲದಿದ್ದರೆ ಪರೀಕ್ಷೆಗೆ ಹಿಂದಿನ ವಾರ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೂ ಬಿಡಬಹುದು. ಎರಡು ಸ್ವಾಯತ್ತ ಕಾಲೇಜಿನ ಎಪ್ಪತ್ತನ್ನು ಒಂದೇ ತಕ್ಕಡಿಗೆ ಹಾಕೋ ಹಾಗಿಲ್ಲ. ಅಲ್ಲಿ ಹೊರಗಿನ ಕಣ್ಣು ಅಂತ ಇರೋದರಲ್ಲಿ ಮುಖ್ಯವಾದದ್ದು ಈ ಅಕ್ರೆಡಿಟೇಶನ್.

ಅಂಕದ ಪಾಲನ್ನೂ ನೋಡಿ. ಜೆಎನ್‌ಟಿಯು ಅನಂತಪುರದ ಈಚಿನ ನಿಯಮದಲ್ಲಿ ಥಿಯರಿ ಪೇಪರಿಗೆ ಕಾಲೇಜಿನ ಒಳಗಿನ ಅಂಕ ೩೦, ಹೊರಗಿನ ಪರೀಕ್ಷೆಗೆ ೭೦. ವಿಟಿಯುದಲ್ಲಿ ೫೦ಕ್ಕೆ ೫೦. ಒಳಗಿನ ಪಾಲು ಹೆಚ್ಚಿದಷ್ಟೂ ಆ ಕಾಲೇಜಿನ ಮೇಷ್ಟ್ರ ಕೈ ಹೆಚ್ಚು. ಕೈ ಒಳ್ಳೆಯದಾದರೆ ವರ್ಷವಿಡೀ ಓದಿಸುತ್ತೆ, ಸಡಿಲವಾದರೆ ಅಂಕ ಧಾರಾಳ. ಓದಿನ ಹೊರೆ ಮಾತ್ರ ಈಗ ಎರಡೂ ಕಡೆ ಸಮ. ೨೦೧೮ರಲ್ಲಿ ಎಐಸಿಟಿಇ ಮಾದರಿ ಪಠ್ಯ ಬಂದು ನಾಲ್ಕು ವರ್ಷಕ್ಕೆ ೧೬೦ ಕ್ರೆಡಿಟ್ ಅಂತ ಮಾಡಿತು. ಎರಡೂ ವಿಶ್ವವಿದ್ಯಾಲಯ ಅಲ್ಲಿಗೆ ಬಂದು ನಿಂತಿವೆ.

ಕಷ್ಟ ಎರಡು ಬಗೆ

ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಒಂದು. ಓದಿನ ಕಷ್ಟ ಎರಡು ಬಗೆ. ನೆಲ ಗಟ್ಟಿಯಾಗಿರೋ ಕಷ್ಟ ಒಂದು, ನೇಗಿಲು ಮೊಂಡಾಗಿರೋ ಕಷ್ಟ ಇನ್ನೊಂದು. ಹುಡುಗಿ ಪಟ್ಟದ್ದು ಮೊದಲನೆಯದು. ರಾತ್ರಿ ಹನ್ನೆರಡರವರೆಗೆ ಲೆಕ್ಕ ಮಾಡ್ತಿದ್ದಳು, ಅತ್ತದ್ದೂ ಉಂಟು, ಆದರೆ ಕೇಳಿದರೆ ಹೇಳಿಕೊಡುವವರು ಇದ್ದರು. ಮಗ ಪಟ್ಟದ್ದು ಎರಡನೆಯದು. ಗಣಿತ ಅಷ್ಟೇನೂ ಕಷ್ಟದ್ದಲ್ಲ, ಹೇಳಿಕೊಡುವವರೇ ನಿಲ್ಲಲಿಲ್ಲ. ಹೊರಗಿಂದ ನೋಡಿದವರಿಗೆ ಎರಡೂ ಒಂದೇ ತರ ಕಾಣುತ್ತೆ, ಎಂಜಿನಿಯರಿಂಗ್ ಬಹಳ ಟಫ್ ಅಂತಾರೆ. ಒಳ್ಳೆ ಅಕ್ರೆಡಿಟೇಶನ್ನಿನ ಕೆಲಸ ನೇಗಿಲಿನ ಮೊಂಡು ತೆಗೆಯೋದು, ನೆಲದ ಗಟ್ಟಿತನವನ್ನು ಉಳಿಸೋದು.

ಆದರೆ ಮುದ್ರೆಗೂ ಎರಡು ಅಲಗು. ಬ್ಯಾಕ್‌ಲಾಗ್ ಇಲ್ಲದೆ ಎಷ್ಟು ಜನ ಪಾಸಾದರು ಅನ್ನೋದಕ್ಕೂ ತಪಾಸಣೆಯಲ್ಲಿ ಅಂಕ ಇದೆ. ಕಾಲೇಜು ಎರಡು ರೀತಿಯಲ್ಲಿ ಆ ಅಂಕ ಗಳಿಸಬಹುದು, ಚೆನ್ನಾಗಿ ಕಲಿಸಿ, ಇಲ್ಲವೇ ಪತ್ರಿಕೆ ಸಡಿಲ ಮಾಡಿ. ಮೇಷ್ಟ್ರುಗಳು ಪಾಠ ಬಿಟ್ಟು ಫೈಲು ತುಂಬಿಸೋದರಲ್ಲೇ ತಿಂಗಳು ಕಳೆಯೋದನ್ನೂ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ತಕ್ಕಡಿ ಹಿಡಿದವರೇ ಜಾರಿದ ಸುದ್ದಿಯೂ ಇದೆ. ೨೦೨೫ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಒಳ್ಳೆ ದರ್ಜೆ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನು ಸಿಬಿಐ ಬಂಧಿಸಿತು. ಹಾಗಂತ ಚೀಟಿಯೇ ಬೇಡ ಅಂದರೆ, ಸಂತೆಯಲ್ಲಿ ಕಂಡ ಬೀಜ ತಂದು ಬಿತ್ತಿದ ಹಾಗಾಗುತ್ತೆ.

ಹೊರದೇಶದ ಆಸೆ ಇರೋರಿಗೆ ಇನ್ನೊಂದು ಮಾತು. ೧೯೮೯ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು. ಒಬ್ಬರ ಮುದ್ರೆಯನ್ನು ಇನ್ನೊಬ್ಬರು ಸಮ ಅಂತ ಒಪ್ಪೋದು ಅದರ ತಿರುಳು. ಭಾರತದ ಎನ್‌ಬಿಎ ೨೦೧೪ರ ಜೂನ್‌ನಲ್ಲಿ ಪೂರ್ಣ ಸದಸ್ಯ ಆಯಿತು. ಆದರೆ ಎನ್‌ಬಿಎಯಲ್ಲಿ ಎರಡು ಶ್ರೇಣಿ ಇದೆ. ಒಂದನೇ ಶ್ರೇಣಿ ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಬ್ರಾಂಚುಗಳಿಗೆ, ಎರಡನೇ ಶ್ರೇಣಿ ಸಂಯೋಜಿತ ಕಾಲೇಜುಗಳಿಗೆ. ಒಪ್ಪಂದದ ನೆರಳು ಒಂದನೇ ಶ್ರೇಣಿಗೆ ಮಾತ್ರ. ಅದೂ ವೀಸಾ ಅಲ್ಲ, ಕೆಲಸವೂ ಅಲ್ಲ, ಬರೀ ಪದವಿಯ ತೂಕದ ಲೆಕ್ಕ.

ಸೀಟು ಹಿಡಿಯೋಕೆ ಮುಂಚೆ

ಶೆಟ್ಟರಿಗೆ ನಾನು ಬರೆದುಕೊಟ್ಟ ಪಟ್ಟಿ ಇದು. ಮೊದಲು, ಮೊಮ್ಮಗ ಸೇರೋ ಬ್ರಾಂಚಿಗೇ ಎನ್‌ಬಿಎ ಇದೆಯಾ, ಯಾವ ವರ್ಷದವರೆಗೆ ಇದೆ? ಅವಧಿ ಮುಗಿದ ಮುದ್ರೆ, ಅವಧಿ ಮುಗಿದ ಔಷಧಿ ಇದ್ದ ಹಾಗೆ. ಎನ್‌ಬಿಎಯವರ ಪಟ್ಟಿಯಲ್ಲೇ ನೋಡಿ, ಕಾಲೇಜಿನ ಪುಸ್ತಕದಲ್ಲಿ ಅಲ್ಲ. ಎರಡನೆಯದು, ಯಾವ ಶ್ರೇಣಿ? ಮೂರನೆಯದು, ಹಿಂದಿನ ಎರಡು ವರ್ಷದ ಪ್ರಶ್ನೆಪತ್ರಿಕೆ ತರಿಸಿ, ಓದಿದ ಯಾರಿಗಾದರೂ ತೋರಿಸಿ, ಎಷ್ಟು ಉರು ಹೊಡೆಯೋದು, ಎಷ್ಟು ಯೋಚಿಸೋದು ಅಂತ ಕೇಳಿ. ನಾಲ್ಕನೆಯದು, ಆ ಬ್ರಾಂಚಿನಲ್ಲಿ ಮೂರು ವರ್ಷದಿಂದ ನಿಂತ ಮೇಷ್ಟ್ರು ಎಷ್ಟು ಜನ? ಐದನೆಯದು, ಎರಡನೇ ವರ್ಷದ ಹುಡುಗನೊಬ್ಬನನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ಕಚೇರಿಯಲ್ಲಿ ಅಲ್ಲ.

ಕರ್ನಾಟಕದ ಸೀಟು ಬೇಕಾದ ಗಡಿಯವರು ಇನ್ನೊಂದನ್ನು ನೋಡಿಕೊಳ್ಳಿ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ. ನಿಮ್ಮ ತಾಲ್ಲೂಕು, ನಿಮ್ಮ ಮಕ್ಕಳು ಓದಿದ ವರ್ಷಗಳು ಯಾವ ಕಲಮಿಗೆ ಬರುತ್ತವೆ ಅಂತ ಆ ವರ್ಷದ ಮಾಹಿತಿ ಪುಸ್ತಕ ಓದಿಯೇ ಅರ್ಜಿ ಹಾಕಿ.

ಮತ್ತೆ ಒಂದು ಕೋರಿಕೆ. ತಪಾಸಣೆಯ ದಿನ ನಿಮ್ಮನ್ನು ಕರೆದರೆ ಹೋಗಿ. ಹೋಗಿ ನಿಜ ಹೇಳಿ. ಮಗನ ಅಂಕ ಕಳೀತಾರೆ ಅಂತ ನಾನು ಹೆದರಿದ್ದೆ. ಅಂಥಾದ್ದು ಏನೂ ಇಲ್ಲ. ಮೇಷ್ಟ್ರು ನಿಲ್ಲುತ್ತಿಲ್ಲ ಅಂತ ಅವತ್ತು ಹತ್ತು ಜನ ತಂದೆತಾಯಿ ಒಂದೇ ಬಾಯಲ್ಲಿ ಹೇಳಿದ್ದರೆ, ನಮ್ಮ ಮಕ್ಕಳಿಗಲ್ಲದಿದ್ದರೂ ಹಿಂದಿನಿಂದ ಬಂದ ಮಕ್ಕಳಿಗೆ ಒಬ್ಬ ಗಣಿತದ ಮೇಷ್ಟ್ರು ಸಿಗುತ್ತಿದ್ದನೇನೋ.

ಮಗ ಈಗ ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ. ಮೊದಲ ಆರು ತಿಂಗಳು ಅಲ್ಲಿನ ಹಿರಿಯ ಟೆಕ್ನೀಶಿಯನ್ ಕೈಕೆಳಗೆ ತಂತಿ ಹಿಡಿಯೋದರಿಂದ ಶುರು ಮಾಡಿ ಕಲಿತ. ಈಗ ಇನ್ವರ್ಟರ್ ಬಿಚ್ಚಿ ಕೂರುತ್ತಾನೆ. "ಆ ಗಣಿತ ಯಾಕಿತ್ತು ಅಂತ ಇಲ್ಲಿಗೆ ಬಂದ ಮೇಲೆ ತಿಳೀತಪ್ಪ" ಅಂತಾನೆ. ಹೋದ ಬೇಸಿಗೆಯಲ್ಲಿ ನಮ್ಮ ಬೋರಿನ ಸ್ಟಾರ್ಟರ್ ಮತ್ತೆ ಕೆಟ್ಟಿತು. ಮಗನೇ ಟಾರ್ಚು ಹಿಡಿದು ಹೋಗಿ ಸರಿ ಮಾಡಿ ಬಂದ. ತಪಾಸಣೆಗೆ ಬಂದಿದ್ದ ಆ ಹಿರಿಯರ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ, ಹೇಳೋಕೆ ಅವರಿಲ್ಲ.

ಶೆಟ್ಟರು ಪಟ್ಟಿಯನ್ನು ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡರು. "ಹಣ್ಣು ತಗೊಳ್ಳೋವಾಗ ಮೂಟೆ ಬಿಚ್ಚಿ, ಕೈ ಹಾಕಿ, ತಳದಿಂದ ತೆಗೆದು ನೋಡ್ತೀನಿ ಕವಿಗಳೇ. ಮೊಮ್ಮಗನ ವಿಷಯಕ್ಕೆ ಮೇಲಿನ ಚೀಟಿ ನೋಡಿ ಸುಮ್ಮನಾಗ್ತಿದ್ದೆ ನೋಡಿ" ಅಂದರು. ಮೂರು ಪುಸ್ತಕದಲ್ಲಿ ಎರಡನ್ನು ಅಲ್ಲೇ ಪೊಟ್ಟಣ ಕಟ್ಟೋ ಕಾಗದದ ಜೊತೆಗೆ ಹಾಕಿದರು. ಮೂರನೆಯದನ್ನು ಹಿಡಿದು, ಆ ಕಾಲೇಜಿನ ಕ್ಯಾಂಟೀನಿಗೆ ಟೀ ಕುಡಿಯೋಕೆ ಯಾವತ್ತು ಹೋಗೋಣ ಅಂತ ನನ್ನನ್ನೇ ಕೇಳಿದರು.